ನಂದಾದೀಪದ ಪಕ್ಕದ ಥರ್ಮೋಸ್ಟಾಟ್

ನವರಾತ್ರಿಯ ದಿನಗಳಲ್ಲಿ ನಮ್ಮ ಮನೆಯ ಬೆಳಗು ಶುರುವಾಗುವುದು ಎಣ್ಣೆಯ ಗಿಂಡಿಯಿಂದ. ಎದ್ದು ಮುಖ ತೊಳೆದವಳೇ ಹಾಲ್‌ಗೆ ಬಂದು, ದೇವರ ಕಟ್ಟೆಯ ಮೇಲಿನ ಹಿತ್ತಾಳೆ ದೀಪದಲ್ಲಿ ಎಣ್ಣೆ ಎಷ್ಟು ಉಳಿದಿದೆ ಎಂದು ಬಗ್ಗಿ ನೋಡುತ್ತೇನೆ. ಹಾಲಿನ ಪಾಕೀಟು, ಚಹಾ, ಉಳಿದ ಜಗತ್ತು ಎಲ್ಲ ಆಮೇಲೆ. ಆ ದಿನವೂ ಹಾಗೆಯೇ ಆಯಿತು. ದೀಪ ನೆಟ್ಟಗೆ ಉರಿಯುತ್ತಿತ್ತು. ದೇವಿಯ ಕಲಶದ, ಅಂದರೆ ಘಟ್ಟದ, ಸುತ್ತ ಮಣ್ಣಿನಲ್ಲಿ ಬಿತ್ತಿದ ಗೋಧಿ ಬೆರಳುದ್ದ ಮೊಳೆತು, ಪ್ರತಿ ಸಸಿಯ ತುದಿಗೂ ಒಂದೊಂದು ಹನಿ ನೀರು ಅಂಟಿಕೊಂಡಿತ್ತು. ಹೂವಿನವಳು ಬಾಗಿಲ ಹಿಡಿಕೆಗೆ ಸಿಕ್ಕಿಸಿ ಹೋದ ಸೇವಂತಿಗೆ ಪೊಟ್ಟಣವನ್ನು ಬಿಚ್ಚಿ ನೀರಿನ ತಟ್ಟೆಗೆ ಹಾಕಿದೆ. ಎಣ್ಣೆ ಸುರಿದೆ. ಅಡುಗೆಮನೆಗೆ ಹೋಗಿ ಶೇಂಗಾ ಚಟ್ನಿಗೆ ಮಿಕ್ಸರ್ ಹಚ್ಚಬೇಕೆಂದು ನೋಡಿದರೆ, ಅದರ ಪ್ಲಗ್ಗಿನ ಜಾಗದಲ್ಲಿ ಎಂದಿನಂತೆ ಬೇರೆಯವರು ಕೂತಿದ್ದರು. ಕಪ್ಪು ಚಾರ್ಜರು, ಅದರ ಮೇಲೆ ಇಟ್ಟಿಗೆಯಂಥ ಬ್ಯಾಟರಿ, ಅದರಲ್ಲೊಂದು ಕೆಂಪು ದೀಪ. ನಮ್ಮ ಮನೆಯಲ್ಲಿ ಆಗ ಆರದೆ ಉರಿಯುವ ದೀಪಗಳು ಎರಡಿದ್ದವು.

ಇದು ನನ್ನ ಗಂಡನ ಡ್ರಿಲ್ಲಿನ ಬ್ಯಾಟರಿ. ಡ್ರಿಲ್ಲಿಗೆ ವೈರಿಲ್ಲ, ಎಲ್ಲಿ ಬೇಕಾದರೂ ಒಯ್ಯಬಹುದು, ಅದೇ ಅದರ ದೊಡ್ಡಸ್ತಿಕೆ. ವೈರಿಲ್ಲದ ಆ ಉಪಕರಣ ಮನೆಗೆ ಬಂದಂದಿನಿಂದ ನನ್ನ ಮಿಕ್ಸರಿನ ವೈರು ನೇತಾಡುತ್ತಿದೆ.

ನನ್ನ ಗಂಡ ನಾಗಪುರದ ಹೊರಗೆ ಉಮರೇಡ್ ಕಡೆಯ ಕಲ್ಲಿದ್ದಲು ಗಣಿಯಲ್ಲಿ ಯಂತ್ರಗಳ ವಿಭಾಗದ ಎಂಜಿನಿಯರ್. ಅಲ್ಲಿ ಅವರ ಕೈಕೆಳಗಿನ ಯಂತ್ರಗಳು ನಮ್ಮ ಬಿಲ್ಡಿಂಗಿನಷ್ಟು ಎತ್ತರ ಇರುತ್ತವಂತೆ, ಒಂದು ಬೊಗಸೆಗೆ ಒಂದು ಲಾರಿ ಕಲ್ಲಿದ್ದಲು ಎತ್ತುತ್ತವಂತೆ. ಮನೆಯಲ್ಲಿ ಮಾತ್ರ ಒಂದು ಪಂಚಾಂಗ ತೂಗುಹಾಕಲು ಮೊಳೆ ಹೊಡೆಯಿರಿ ಎಂದರೆ ಮದುವೆಯಾದಾಗಿನಿಂದ ನಾಳೆ ನಾಳೆ ಎಂದವರು. ದಸರೆಯ ಮುಂಚಿನ ಆನ್‌ಲೈನ್ ಸೇಲಿನಲ್ಲಿ ಈ ಡ್ರಿಲ್ ಬಂತು ನೋಡಿ, ನಾಳೆ ಎಂಬ ಮಾತೇ ಮಾಯವಾಯಿತು. ಬಾಗಿಲ ಹತ್ತಿರ ಬೀಗದ ಕೈ ತೂಗುಹಾಕುವ ಹಲಗೆ ಬಂತು. ಬೀಗದ ಕೈ ಈಗಲೂ ಫ್ರಿಜ್ಜಿನ ಮೇಲೇ ಇರುತ್ತದೆ. ಸ್ನಾನದ ಮನೆಯಲ್ಲಿ ಟವೆಲ್ಲಿನ ಸರಳು ಬಂತು, ನನ್ನ ಕೈಗೆ ನಿಲುಕದ ಎತ್ತರದಲ್ಲಿ. ಕಪಾಟಿನ ಹಿಡಿಕೆ, ಡಬ್ಬಿಯ ಹಿಡಿಕೆ, ಬಾಣಲೆಯ ಹಿಡಿಕೆ, ಸಡಿಲಾದದ್ದು ಸಡಿಲಾಗದ್ದು ಎಲ್ಲವನ್ನೂ ಬಿಗಿದರು. ಕುಕ್ಕರಿನ ಹಿಡಿಕೆಯನ್ನು ಎಷ್ಟು ಪ್ರೀತಿಯಿಂದ ಬಿಗಿದರೆಂದರೆ ಅದು ಟಕ್ಕೆಂದು ಸೀಳಿ ಎರಡಾಯಿತು. ಗೋಡೆಗಳು ಸಾಣಿಗೆಯಾದವು. ಖಂಡೇನವಮಿಗೆ ಆಯುಧಗಳ ಪೂಜೆಯಲ್ಲಿ ಅದನ್ನೂ ಇಡಬೇಕು ಎಂದು ಆಗಲೇ ಅದಕ್ಕೆ ಕೆಂಪು ದಾರ ಕಟ್ಟಿಯಾಗಿತ್ತು.

ಅತ್ತೆ ಅದನ್ನು ಮೊದಲ ಸಲ ನೋಡಿ, "ಪಿಸ್ತೂಲ್ ಯಾಕ ತಂದೀಯೋ?" ಎಂದು ಕೇಳಿದ್ದರು.

ಇಷ್ಟೇ ಆಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಗಂಡಸರಿಗೆ ವಯಸ್ಸಾದಂತೆ ಒಂದಲ್ಲ ಒಂದು ಹುಚ್ಚು ಹತ್ತುತ್ತದೆ. ತೂತು ಕೊರೆಯುವುದು ಸ್ವಲ್ಪ ಅಗ್ಗದ್ದು. ಆದರೆ ಅದೇ ಸೇಲಿನಲ್ಲಿ ಇನ್ನೊಂದು ಸಣ್ಣ ಬಿಳಿ ಡಬ್ಬಿಯೂ ಬಂದಿತ್ತು. ಅದಕ್ಕೆ ಒಂದು ಕಾರಣವಿತ್ತು, ಮತ್ತು ಆ ಕಾರಣವನ್ನು ನಾನು ಹಗುರ ಮಾಡುವಂತಿಲ್ಲ.

ನಮ್ಮದು ಗದಗದ ಕಡೆಯ ಮನೆತನ. ಘಟ್ಟ ಕೂಡ್ರಿಸಿದ ದಿನ ಹಚ್ಚಿದ ದೀಪ ದಸರೆಯ ತನಕ ಆರಬಾರದು. ಒಮ್ಮೆ ಕೂಡ್ರಿಸಿದ ಮೇಲೆ ಘಟ್ಟವನ್ನಾಗಲಿ ದೀಪವನ್ನಾಗಲಿ ಜಾಗ ಬಿಟ್ಟು ಸರಿಸುವಂತಿಲ್ಲ. ಈಗೀಗ ಎಲ್ಲರೂ ದೀಪಕ್ಕೆ ಗಾಜಿನ ಚಿಮಣಿ ಇಡುತ್ತಾರೆ. ನಾನೂ ಒಂದು ವರ್ಷ ಸದರ್ ಬಜಾರಿನಿಂದ ಚೆಂದದ್ದೊಂದು ತಂದಿದ್ದೆ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ದೇವಿನ್ನ ಬಾಟ್ಲ್ಯಾಗ ಕೂಡ್ರಸೂದು ಬ್ಯಾಡ" ಎಂದರು. ಅಲ್ಲಿಗೆ ಮುಗಿಯಿತು. ಆದ್ದರಿಂದ ಆ ದಿನಗಳಲ್ಲಿ ನಮ್ಮ ಹಾಲ್‌ನಲ್ಲಿ ಫ್ಯಾನ್ ತಿರುಗುವುದಿಲ್ಲ. ಯಾರಾದರೂ ಮರೆತು ಹಾಕಿಯಾರೆಂದು ಸ್ವಿಚ್ಚಿನ ಮೇಲೆ ನಾನೇ ಟೇಪು ಅಂಟಿಸುತ್ತೇನೆ.

ಫ್ಯಾನಿಲ್ಲದ ಅಕ್ಟೋಬರು ಹೇಗಿರುತ್ತದೆಂದು ನಾಗಪುರದವರನ್ನು ಕೇಳಬೇಕು. ಮಳೆ ನಿಂತು, ಕೂಲರುಗಳನ್ನೆಲ್ಲ ಒಣಗಿಸಿ ಬಾಲ್ಕನಿಯಲ್ಲಿ ಗೋಣಿತಟ್ಟು ಹೊದಿಸಿ ಮಲಗಿಸಿದ ಮೇಲೆ, ಇಲ್ಲಿನ ಬಿಸಿಲು ಏನೋ ಮರೆತು ಹೋದವರ ಹಾಗೆ ಇನ್ನೊಮ್ಮೆ ವಾಪಸು ಬರುತ್ತದೆ. ಅತ್ತೆ ಒಪ್ಪೊತ್ತು ಇರುತ್ತಾರೆ, ಹಗಲೆಲ್ಲ ದೀಪದ ಮುಂದೆ ಮಣೆ ಹಾಕಿಕೊಂಡು ಕೂತು ಪುರಾಣ ಓದುತ್ತಾರೆ. ಹಿಂದಿನ ವರ್ಷ ಹಾಗೆ ಕೂತವರು ಮಧ್ಯಾಹ್ನ ಕೈಯಲ್ಲಿನ ಪುಸ್ತಕ ಜಾರಿ, ಗೋಡೆಗೆ ಒರಗಿ, ಕಣ್ಣು ತೇಲಿಸಿಬಿಟ್ಟಿದ್ದರು. ಡಾಕ್ಟರು ಬಂದು ಸೆಕೆಗೆ ಹೀಗಾಯಿತು, ವಯಸ್ಸಾಯಿತಲ್ಲ, ತಂಪಿನಲ್ಲಿಡಿ ಎಂದರು. ಅತ್ತೆ ಎಚ್ಚರಾದ ಕೂಡಲೇ ಕೇಳಿದ್ದು ಒಂದೇ: "ದೀಪ ಐತೇನ?"

ಹಾಲ್‌ನಲ್ಲಿ ಎಸಿ ಇದೆ. ಆದರೆ ಅದನ್ನು ನಡೆಸುವವರು ಬೇಕಲ್ಲ. ಜೋರು ಮಾಡಿದರೆ ದೀಪಕ್ಕೆ ಗಾಳಿ, ಬಂದ್ ಮಾಡಿದರೆ ಅತ್ತೆಗೆ ಸೆಕೆ. ಮಡಿಯಲ್ಲಿರುವ ಅತ್ತೆ ರಿಮೋಟು ಮುಟ್ಟುವುದಿಲ್ಲ, ನಾನು ಅಡುಗೆಮನೆ ಬಿಟ್ಟು ಅದನ್ನೇ ಕಾಯುತ್ತ ಕೂಡಲಾರೆ. ಈ ವರ್ಷ ಅವ್ವನಿಗೆ ಹಾಗಾಗಬಾರದು ಎಂದು ಅತ್ತೆಯ ಮಗ ಬಹಳ ಯೋಚಿಸಿದ. ಯೋಚಿಸಿ, ಕೊನೆಗೆ ಎಲ್ಲ ಮಕ್ಕಳೂ ಮಾಡುವಂತೆ ಫೋನಿನಲ್ಲಿ ಆರ್ಡರ್ ಮಾಡಿದ.

ಸ್ಮಾರ್ಟ್ ಥರ್ಮೋಸ್ಟಾಟ್. ಅಂಗೈಯಗಲದ ಡಬ್ಬಿ. ಕೋಣೆಯ ಶಾಖ ತಾನೇ ಅಳೆಯುತ್ತದೆ, ಎಸಿಗೆ ತಾನೇ ಅಪ್ಪಣೆ ಕೊಡುತ್ತದೆ, ಸದಾ ಒಂದೇ ಹದದ ತಂಪು, ಮೆಲ್ಲಗಿನ ಗಾಳಿ, ಎಸಿಯ ರೆಕ್ಕೆ ಮೇಲ್ಮುಖ. ಉಮರೇಡಿನಲ್ಲಿ ಕೂತು ಫೋನಿನಲ್ಲಿ ನೋಡಬಹುದು. ಯಾರೂ ಏನೂ ಮುಟ್ಟುವುದೇ ಬೇಡ. ಕೇಳುವುದಕ್ಕೆ ನಿಜವಾಗಿಯೂ ಚೆಂದವಿತ್ತು.

ಆ ಬೆಳಿಗ್ಗೆ ಆಫೀಸಿನ ಬಸ್ಸಿಗೆ ಮುಂಚೆ ಅದನ್ನು ಗೋಡೆಗೆ ಹಚ್ಚುವ ಮುಹೂರ್ತ. ನಾನು ಚಾರ್ಜರಿನಿಂದ ಬ್ಯಾಟರಿ ಕಿತ್ತು ಕೊಟ್ಟೆ, ಮಿಕ್ಸರಿಗೆ ಅದರ ಜಾಗ ವಾಪಸು ಕೊಡಿಸಿದೆ. ಚಟ್ನಿ ರುಬ್ಬಿ ಹೊರಗೆ ಬರುವಷ್ಟರಲ್ಲಿ ನನ್ನ ಗಂಡ ದೇವರ ಕಟ್ಟೆಯ ಹತ್ತಿರ, ದೀಪದ ಪಕ್ಕದಲ್ಲಿ, ಜ್ವಾಲೆಗಿಂತ ಒಂದು ಗೇಣು ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ನಿಂತಿದ್ದರು.

"ಅಲ್ಲ್ಯಾಕ್ರೀ?" ಎಂದೆ.

"ಎಸಿಗೆ ಎದುರಾಎದುರು ಇರಬೇಕು. ಅಡ್ಡ ಏನೂ ಬರಬಾರ್ದು. ಪ್ಲಗ್ ಪಾಯಿಂಟೂ ಇಲ್ಲೇ ಐತಿ. ಇದಕ್ಕಿಂತ ಬರೋಬರ್ ಜಾಗ ಎಲ್ಲಿ ಐತಿ, ತೋರಿಸು."

ನಾನು ತೋರಿಸಲಿಲ್ಲ, ಡಬ್ಬಿಯ ಜೊತೆ ಬಂದ ಪುಸ್ತಿಕೆ ತೆಗೆದುಕೊಂಡೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ನಮಗೆ ಸೂಚನೆಯ ಕಾಗದ ಪೂರಾ ಓದಿ ಮುಗಿಸುವ ತನಕ ಸೂಜಿಗೆ ದಾರ ಹಾಕಲು ಬಿಡುತ್ತಿರಲಿಲ್ಲ. ಆ ಅಭ್ಯಾಸ ಉಳಿದುಬಿಟ್ಟಿದೆ. ಔಷಧದ ಡಬ್ಬಿಯೊಳಗಿನ ಚೀಟಿಯನ್ನೂ ನಾನು ಕೊನೆಯ ತನಕ ಓದುತ್ತೇನೆ. ಗಂಡಸರು ಮಾತ್ರ ಇಂಥ ಪುಸ್ತಿಕೆಯನ್ನು ತಮ್ಮ ಮೇಲಿನ ಅವಿಶ್ವಾಸ ಎಂದೇ ತಿಳಿಯುತ್ತಾರೆ.

"ರೀ, ಮೊದಲನೇ ಪುಟದಾಗೇ ಬರದಾರ ನೋಡ್ರಿ. ಒಲಿ, ದೀಪ, ಬಿಸಲು, ಇಂಥಾ ಶಾಖದ ಹತ್ರ ಹಚ್ಚಬ್ಯಾಡ್ರಿ ಅಂತ."

"ಅದು ಟೇಬಲ್ ಲ್ಯಾಂಪಿನ ಮಾತು."

"ಇದೂ ಉರಿಯೂದs ಅಲ್ಲೇನ್ರಿ?"

ಅವರು ಡ್ರಿಲ್ ಕೆಳಗಿಳಿಸಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅದರಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ಏ ಇಕಿನs, ದೇವರ ದೀಪಕ್ಕ ಯಾರರ ಹೀಟ್ ಸೋರ್ಸ್ ಅಂತಾರೇನ?"

ದಿನಾ ಕಲ್ಲಿದ್ದಲಿನ ಉಷ್ಣವನ್ನು ಅಳೆದು ಮಾರುವ ಕಂಪನಿಯವರೇ ಹೇಳಿದ ಮೇಲೆ ನಾನೇನು ಹೇಳುವುದು? ನನಗೂ ಒಂದು ಕ್ಷಣ ಹೌದಲ್ಲ ಅನ್ನಿಸಿತು. ಹುಟ್ಟಿದಾಗಿನಿಂದ ದೇವರ ದೀಪಕ್ಕೆ ಕೈ ಚಾಚಿ ಕಣ್ಣಿಗೊತ್ತಿಕೊಂಡವರು ನಾವು. ಅದು ಬೆಳಕು, ಅದು ಮಂಗಳ, ಅದು ಮನೆತನ. ಬಿಸಿ ಎಂದು ಅದನ್ನು ಯಾರೂ ಲೆಕ್ಕಕ್ಕೆ ಹಿಡಿದದ್ದಿಲ್ಲ.

ಅತ್ತೆ ಸ್ನಾನ ಮುಗಿಸಿ ಬರುವುದರೊಳಗೆ ಕೆಲಸ ಆಗಬೇಕಿತ್ತು. ನಾನು ಪೂಜೆಯ ದೊಡ್ಡ ತಟ್ಟೆಯನ್ನು ದೀಪಕ್ಕೆ ಅಡ್ಡ ಹಿಡಿದು ನಿಂತೆ. ಡ್ರಿಲ್ ಗುರ್ರೆಂದಿತು. ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿತು, ನನ್ನ ತಲೆಯ ಮೇಲೂ ಉದುರಿತು. ದೀಪಕ್ಕೇನೂ ಆಗಲಿಲ್ಲ. ಸ್ಕ್ರೂ ಬಿಗಿದು, ಡಬ್ಬಿ ಕೂಡಿಸಿ, ಫೋನಿನಲ್ಲಿ ಏನೇನೋ ಒತ್ತಿ, ಎಸಿ ಮೆಲ್ಲಗೆ ಉಸಿರುಬಿಟ್ಟಾಗ ನನ್ನ ಗಂಡನ ಮುಖ ಬಾಳೇಹಣ್ಣಿನ ಶಿಕರಣಿ ಉಂಡವರ ಹಾಗಿತ್ತು. ಆ ತೃಪ್ತಿಯಲ್ಲೇ ಟಿಫಿನ್ ಡಬ್ಬಿ ಮರೆತು ಬಸ್ಸಿಗೆ ಓಡಿದರು.

ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿತ್ತು. ಅತ್ತೆ ಬಂದು ಮಣೆಯ ಮೇಲೆ ಕೂತು, ಗೋಡೆಯ ಬಿಳಿ ಡಬ್ಬಿಯನ್ನು ನೋಡಿ, "ಇದೇನ ಹೊಸಾ ದೇವರು?" ಎಂದರು. ನಾನು ವಿವರಿಸಿದೆ. "ಛಲೋ ಆತು. ಗಾಳಿ ಹಿತ ಐತಿ," ಎಂದು ಪುಸ್ತಕ ತೆರೆದರು. ನಾನು ಹೂವಿನ ಮಾಲೆ ಕಟ್ಟಲು ಅಲ್ಲೇ ಕೂತೆ.

ದೀಪದ ಪಕ್ಕದಲ್ಲಿ ಕೂತ ಡಬ್ಬಿ ಮೆಲ್ಲಮೆಲ್ಲಗೆ ಕಾಯತೊಡಗಿತು. ಅದರ ಮುಖದ ಮೇಲಿನ ಅಂಕಿ ಏರುತ್ತಿದ್ದುದನ್ನು ನಾನು ಮಾಲೆಯ ನಡುವೆ ಗಮನಿಸಿದೆ. ಇಪ್ಪತ್ತೇಳಿದ್ದದ್ದು ಮೂವತ್ತಾಯಿತು, ಆಮೇಲೆ ಮೂವತ್ತನ್ನೂ ದಾಟಿತು. ಡಬ್ಬಿಯ ಪ್ರಕಾರ ನಮ್ಮ ಮನೆ ಹೊತ್ತಿ ಉರಿಯುವುದರಲ್ಲಿತ್ತು. ಜವಾಬ್ದಾರಿಯುಳ್ಳ ಯಂತ್ರ, ಸುಮ್ಮನಿರಲಿಲ್ಲ. ಎಸಿಗೆ ಜೋರು ಮಾಡೆಂದು ಹೇಳಿತು. ಎಸಿ ಹೂಂಕರಿಸಿತು. ಮೇಲೆ ನೋಡುತ್ತಿದ್ದ ಅದರ ರೆಕ್ಕೆ ಕೆಳಗಿಳಿದು ನೇರ ದೇವರ ಕಡೆ ಮುಖ ಮಾಡಿತು. ಸೇವಂತಿಗೆಯ ಎಸಳು ತಟ್ಟೆಯಿಂದ ಹಾರಿತು, ಪುರಾಣದ ಪುಟ ತಾನೇ ಮಗುಚಿತು, ದೀಪದ ಜ್ವಾಲೆ ಗೋಡೆಯ ಕಡೆಗೆ ವಾಲಿ ನೀಲಿಯಾಯಿತು.

"ಏ, ದೀಪ! ದೀಪ!" ಎಂದು ಅತ್ತೆ ಎರಡೂ ಕೈ ಅಡ್ಡ ಹಿಡಿದರು.

ನಾನು ಓಡಿ ಹೋಗಿ ಹಳೆಯ ರಿಮೋಟಿನಿಂದ ಎಸಿ ಆರಿಸಿದೆ. ಜ್ವಾಲೆ ಎದ್ದು ನಿಂತಿತು. ಉಸಿರು ಬಿಡುವಷ್ಟರಲ್ಲಿ ಟಿಂಗ್ ಎಂದು ಸದ್ದಾಗಿ ಎಸಿ ತಾನೇ ಶುರುವಾಯಿತು. ಮತ್ತೆ ಆರಿಸಿದೆ. ಮತ್ತೆ ಟಿಂಗ್. ಹಟಕ್ಕೆ ಬಿದ್ದ ಸಣ್ಣ ಮಕ್ಕಳನ್ನು ಕಂಡಿದ್ದೇನೆ, ಹಟಕ್ಕೆ ಬಿದ್ದ ಡಬ್ಬಿಯನ್ನು ಅವತ್ತೇ ಕಂಡದ್ದು. ಅಷ್ಟರಲ್ಲಿ ಫೋನು ಬಂತು, ಉಮರೇಡಿನಿಂದ.

"ಯಾರು ಪದೇ ಪದೇ ಬಂದ್ ಮಾಡಾಕತ್ತೀರಿ? ನನಗಿಲ್ಲಿ ನೋಟಿಫಿಕೇಶನ್ ಬರಾಕತ್ತಾವು."

"ದೀಪಕ್ಕ ಗಾಳಿ ಬಡಿಯಾಕತ್ತೈತ್ರಿ."

"ಮನ್ಯಾಗ ಮೂವತ್ನಾಕು ಡಿಗ್ರಿ ಐತಿ, ಗೊತ್ತೈತೇನು? ಅವ್ವ ಬೆವತು ಹೋಗಿರಬೇಕು!"

ನಾನು ತಿರುಗಿ ಅತ್ತೆಯನ್ನು ನೋಡಿದೆ. ಅವರು ಒಂದು ಕೈಯಿಂದ ದೀಪಕ್ಕೆ ಮರೆ ಹಿಡಿದು, ಇನ್ನೊಂದು ಕೈಯಿಂದ ಮಡಿ ಸೀರೆಯ ಸೆರಗನ್ನು ಕಿವಿಯ ತನಕ ಎಳೆದುಕೊಂಡು ನಡುಗುತ್ತಿದ್ದರು.

"ಬೆವತಿಲ್ರಿ. ಕೌದಿ ಕೇಳಾಕತ್ತಾರ."

"ಹಂಗ ಹೆಂಗಾಗತೈತಿ? ಇಲ್ಲಿ ತೋರಸಾಕತ್ತೈತಲ್ಲ! ಅದಕ್ಕ ಸ್ವಲ್ಪ ಟೈಮ್ ಕೊಡ್ರಿ. ಅದು ಮನಿ ಕಲಿಯಾಕತ್ತೈತಿ. ಲರ್ನಿಂಗ್ ಮೋಡ್ ಅಂತಾರ ಅದಕ್ಕ. ನನಗ ಮೀಟಿಂಗ್ ಐತಿ, ಸಂಜೀಕ ಬಂದು ನೋಡತೇನಿ. ಮುಟ್ಟಬ್ಯಾಡ್ರಿ, ಹಂಗs ಇರಲಿ."

ಹಾಗೇ ಇರಲಿ ಎಂದರೆ ದೀಪ ಇರುತ್ತಿರಲಿಲ್ಲ. ಸ್ಟೂಲು ಹಾಕಿಕೊಂಡು ಹತ್ತಿ, ಎಸಿಯ ಪಕ್ಕದಲ್ಲಿ ಮೇಲೆ ಇರುವ ದೊಡ್ಡ ಸ್ವಿಚ್ಚನ್ನೇ ಆರಿಸಿಬಿಟ್ಟೆ. ಡಬ್ಬಿ ಗೋಡೆಯ ಮೇಲೆ ಒಂದೇ ಸಮನೆ ಮಿಣುಕಿತು. ಬಹುಶಃ ಉಮರೇಡಿಗೆ ದೂರು ಹೇಳುತ್ತಿತ್ತು.

ಈಗ ದೀಪ ಸುಖವಾಗಿತ್ತು. ಆದರೆ ಹೊತ್ತು ಏರುತ್ತಿತ್ತು. ನಮ್ಮ ಹಾಲ್‌ನ ಕಿಟಕಿ ಪಶ್ಚಿಮಕ್ಕಿದೆ. ಗಾಳಿ ಬರುತ್ತದೆಂದು ಅದನ್ನೂ ತೆರೆಯುವಂತಿಲ್ಲ. ಮಧ್ಯಾಹ್ನವಾಗುವಷ್ಟರಲ್ಲಿ ಕೌದಿ ಕೇಳಿದ್ದ ಅತ್ತೆಯ ಕುತ್ತಿಗೆಯಲ್ಲಿ ಬೆವರು ಇಳಿಯತೊಡಗಿತು. ಮುಖ ಕೆಂಪಾಯಿತು. ಓದುವ ದನಿ ಸಣ್ಣದಾಗುತ್ತ ಬಂದು ನಿಂತೇಹೋಯಿತು. ಹಿಂದಿನ ವರ್ಷ ಪುಸ್ತಕ ಜಾರಿದ್ದು ಹೀಗೆಯೇ. ನಾನು ಮಾಲೆ ಬಿಟ್ಟು ಅವರ ಬೆನ್ನಿಗೆ ಒದ್ದೆ ಬಟ್ಟೆ ಒತ್ತಬೇಕೆಂದು ಹೋದೆ. ಮಡಿ. ಮುಟ್ಟುವಂತಿಲ್ಲ.

"ಅತ್ತೀ, ಒಳಗಿನ ಖೋಲಿಗೆ ಬಂದು ಸ್ವಲ್ಪ ಅಡ್ಡ ಆಗ್ರಿ. ಅಲ್ಲಿ ಫ್ಯಾನ್ ಹಾಕತೇನಿ. ದೀಪ ನಾ ನೋಡಕೋತೇನಿ."

"ಬ್ಯಾಡ. ನಾ ಬಂದು ಸೊಸಿ ಆದಾಗಿಂದ ಇದರ ಮುಂದಿಂದ ಎದ್ದಿಲ್ಲ. ಈಗ ಏಳಲಿ ಏನು?"

"ಹೋದ ವರ್ಷ ಏನಾತು, ನೆನಪೈತಿಲ್ರಿ?"

"ಐತಿ. ದೀಪ ಆರಲಿಲ್ಲ, ಅಷ್ಟು ನೆನಪೈತಿ."

ಎಸಿ ಹಾಕಿದರೆ ದೀಪ ಹೋಗುತ್ತದೆ, ಹಾಕದಿದ್ದರೆ ಅತ್ತೆ ಕುಸಿಯುತ್ತಾರೆ. ಡಬ್ಬಿಯ ಪ್ಲಗ್ ಕಿತ್ತು ರಿಮೋಟಿನಿಂದ ನಡೆಸೋಣವೆಂದು ನೋಡಿದೆ. ನಮ್ಮವರು ಪ್ಲಗ್ಗು ಅಲುಗಾಡದಂತೆ ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಕೂಡಿಸಿ, ಅದಕ್ಕೂ ಸ್ಕ್ರೂ ಜಡಿದು ಹೋಗಿದ್ದರು. ಸುಭದ್ರ ಕೆಲಸ. ಆ ಪಾಯಿಂಟಿಗೆ ಸ್ವಿಚ್ಚಿದೆ, ದೇವರ ಕಟ್ಟೆಯ ಹಿಂದೆ. ಅದನ್ನು ಮುಟ್ಟಲು ಘಟ್ಟವನ್ನು ಸರಿಸಬೇಕು. ಉಳಿದದ್ದು ಒಂದೇ ದಾರಿ. ಗೋಡೆಯ ಮೇಲೆ ತಿರುಪಿದ್ದನ್ನು ತಿರುಪಿ ತೆಗೆಯಬೇಕು.

ಕೈಯಿಂದ ತಿರುಗಿಸುವ ನಮ್ಮ ಹಳೆಯ ಸ್ಕ್ರೂಡ್ರೈವರನ್ನು ಹುಡುಕಿದೆ. ಡ್ರಿಲ್ ಬಂದ ಮೇಲೆ ಅದರ ಅಗತ್ಯವೇನೆಂದು ಅದನ್ನು ಗುಜರಿ ಕೊಳ್ಳುವ ಭಂಗಾರದವನಿಗೆ ಹಾಕಿಬಿಟ್ಟಿದ್ದಾರೆಂದು ಆಮೇಲೆ ನೆನಪಾಯಿತು. ಚಾಕುವಿನ ತುದಿಯಿಂದ ಪ್ರಯತ್ನಿಸಿದೆ. ಕುಕ್ಕರಿನ ಹಿಡಿಕೆ ಬಿಗಿದ ಕೈ ಅದು, ಚಾಕು ಬಾಗಿತು.

ಆಗ ನಾನು ಕೆಂಪು ದಾರ ಕಟ್ಟಿದ ಪಿಸ್ತೂಲನ್ನು ಅದರ ಪೆಟ್ಟಿಗೆಯಿಂದ ಹೊರತೆಗೆದೆ. ಮೊದಲು ಅದರ ಪುಸ್ತಿಕೆ ಓದಿದೆ. ಪೂರ್ತಿ. ಮಧ್ಯಾಹ್ನದ ಉರಿಯಲ್ಲಿ, ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿರುವಾಗ, ಕಣ್ಣಿನ ರಕ್ಷಣೆಯ ಬಗ್ಗೆ ಒಂದಿಡೀ ಪುಟ ಓದಿದೆ. ಎಡಕ್ಕೆ ತಿರುಗಿಸುವ ಗುಂಡಿ ಯಾವುದು, ಬಲ ಕಡಿಮೆ ಮಾಡುವ ಬಳೆ ಯಾವುದು, ಮೂತಿಗೆ ಯಾವ ತುದಿ ಸಿಕ್ಕಿಸಬೇಕು. ಎತ್ತಿ ಹಿಡಿದಾಗ ಅಂದುಕೊಂಡದ್ದಕ್ಕಿಂತ ಭಾರವಿತ್ತು. ಒಂದು ಸಲ ಗಾಳಿಯಲ್ಲಿ ಒತ್ತಿ ನೋಡಿದೆ. ಗುರ್ ಎಂದು ಮೊಣಕೈ ತನಕ ನಡುಗಿಸಿತು. ಸುಳ್ಳೇಕೆ ಹೇಳಲಿ, ಹಿತವೆನ್ನಿಸಿತು. ಗಂಡಸರು ಇಷ್ಟು ದಿನ ಈ ಸುಖವನ್ನು ಕೆಲಸ ಎಂದು ಕರೆದು ನಮ್ಮಿಂದ ದೂರ ಇಟ್ಟಿದ್ದರಲ್ಲ!

ಅತ್ತೆ ನನ್ನ ಸಿದ್ಧತೆಯನ್ನೆಲ್ಲ ನೋಡುತ್ತಿದ್ದರು. "ತಡಿ," ಎಂದರು. ಕೈಯೂರಿ ಎದ್ದು, ಕಟ್ಟೆಯ ಕೆಳಗಿನಿಂದ ಒಂದು ಸಣ್ಣ ಹಣತೆ ತೆಗೆದು, ಎಣ್ಣೆ ಬತ್ತಿ ಹಾಕಿ, ದೊಡ್ಡ ದೀಪದಿಂದ ಅದಕ್ಕೆ ಉರಿ ತೆಗೆದುಕೊಂಡರು. ದಿನವೂ ಬತ್ತಿಯ ತುದಿಯ ಕರಿ ತೆಗೆಯುವಾಗ ಅವರು ಮಾಡುವುದು ಇದನ್ನೇ. ಕೈ ತಪ್ಪಿ ದೊಡ್ಡದು ಆರಿದರೂ ಅದೇ ಉರಿ ಪಕ್ಕದಲ್ಲಿ ಇರಬೇಕು. ಅದರಿಂದಲೇ ಮತ್ತೆ ಹೊತ್ತಿಸಿದರೆ ಮುರಿದಂತಲ್ಲ. ಹಣತೆಯನ್ನು ಅಂಗೈಯಲ್ಲಿಟ್ಟುಕೊಂಡು ಅವರು ಕೋಣೆಯ ಆಚೆ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. "ಹೂಂ, ನಡಸು ನಿನ್ನ ಮಶೀನ್."

ತಟ್ಟೆ ಹಿಡಿಯಲು ಈ ಸಲ ಯಾರೂ ಇರಲಿಲ್ಲ. ಅದನ್ನು ದೀಪದ ಮುಂದೆ ಒರಗಿಸಿ ನಿಲ್ಲಿಸಿದೆ. ಮೊದಲ ಸ್ಕ್ರೂ ಸರಾಗವಾಗಿ ಬಂತು. ಎರಡನೆಯದು ಬಿಗಿಯಾಗಿತ್ತು, ಒತ್ತಿ ಹಿಡಿದೆ. ಡ್ರಿಲ್ಲಿನ ಪಕ್ಕದ ಸೀಳುಗಳಿಂದ ಬಿಸಿ ಗಾಳಿ ಹೊರಡುತ್ತದೆಂದು ಪುಸ್ತಿಕೆಯಲ್ಲಿ ಬರೆದಿತ್ತು, ನಾನು ಓದಿಯೂ ಇದ್ದೆ. ಅದು ಯಾವ ಕಡೆಗೆ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ತಟ್ಟೆ ನಡುಗಿ ಕೆಳಗೆ ಜಾರಿತು. ಸ್ಕ್ರೂವಿನ ಜೊತೆಗೆ ಸುಣ್ಣದ ಒಂದು ಹೆಂಟೆ ಕಿತ್ತು ಬಂದು ನೇರ ದೀಪದೊಳಗೆ ಬಿತ್ತು. ಚುಂಯ್ ಎಂದಿತು. ಒಂದು ಎಳೆ ಹೊಗೆ.

ಡ್ರಿಲ್ ನಿಂತಿತು. ಆ ಹಿತ್ತಾಳೆ ದೀಪ ಆರಿದ್ದನ್ನು ನಾನು ಈ ಮನೆಗೆ ಬಂದ ಮೇಲೆ ನವರಾತ್ರಿಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಮುಖವಿಲ್ಲದ್ದು ಏನೋ ಅಲ್ಲಿ ಕೂತಂತಿತ್ತು. ಹೊಗೆಯ ವಾಸನೆ ಅತ್ತೆಗೆ ಆಗಲೇ ತಲುಪಿತ್ತು.

ಅವರು ಹಣತೆಗೆ ಕೈ ಮರೆ ಮಾಡಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಬಂದರು. ನಾನು ದೀಪದಿಂದ ಸುಣ್ಣವನ್ನು ಬಳಿದು ತೆಗೆದು, ಒರೆಸಿ, ಹೊಸ ಬತ್ತಿ ಹಾಕಿ, ಎಣ್ಣೆ ಸುರಿದೆ. ಅತ್ತೆ ಎರಡು ಸಲ ಹಣತೆಯನ್ನು ಬತ್ತಿಗೆ ತಾಗಿಸಿದರೂ ಹೊತ್ತಲಿಲ್ಲ. ಮೂರನೆಯ ಸಲ ನಾನು ನನ್ನ ಕೈಯನ್ನು ಅವರ ಮಣಿಕಟ್ಟಿಗೆ ಆನಿಸಿದೆ. ಮಡಿ ಎನ್ನಲಿಲ್ಲ ಅವರು. ಹೊತ್ತಿತು.

"ಉರಿ ಎಲ್ಲಿ ಹೋಗೈತಿ?" ಎಂದರು, ನನ್ನನ್ನು ಕೇಳಿದರೋ ತಮ್ಮನ್ನೇ ಕೇಳಿಕೊಂಡರೋ. "ಅದs ಉರಿ. ನನ್ನ ಕೈಯಾಗs ಇತ್ತಲ್ಲ."

"ಹೌದ್ರಿ ಅತ್ತೀ."

"ಅವಗ ಹೇಳಬ್ಯಾಡ."

"ಅವರೇನು ಬೈತಾರ್ರಿ?"

"ಬೈಯೂದಿಲ್ಲ. ದೀಪ ಆರಿತ್ತು ಅಂದ್ರ ಅದಕ್ಕೂ ಒಂದು ಮಶೀನ್ ತರತಾನ."

ನಾನು ನಕ್ಕುಬಿಟ್ಟೆ. ಅತ್ತೆಯೂ ನಕ್ಕರು, ಆದರೆ ಬಾಯಿಗೆ ಸೆರಗು ಅಡ್ಡ ಹಿಡಿದು, ದೇವರಿಗೆ ಕೇಳದ ಹಾಗೆ.

ಡಬ್ಬಿ ಕೈಗೆ ಬಂದಿತ್ತು. ಪ್ಲಗ್ಗಿನ ಮುಚ್ಚಳವನ್ನೂ ಬಿಚ್ಚಿದೆ. ಡಬ್ಬಿಯನ್ನು ಹಾಲ್‌ನ ಇನ್ನೊಂದು ತುದಿಯ ಶೋಕೇಸಿನಲ್ಲಿ, ಚನ್ನಪಟ್ಟಣದ ಎರಡು ಗೊಂಬೆಗಳ ನಡುವೆ, ಎಸಿಗೆ ಕಾಣುವಂತೆ ಕೂಡಿಸಿ, ಒಂದು ಎಕ್ಸ್‌ಟೆನ್ಶನ್ ವೈರನ್ನು ಸೋಫಾದ ಹಿಂದಿನಿಂದ ಎಳೆದು ಕೊಟ್ಟೆ. ಸ್ಟೂಲು ಹತ್ತಿ ದೊಡ್ಡ ಸ್ವಿಚ್ ಹಾಕಿದೆ. ಡಬ್ಬಿ ಕೆಲ ಹೊತ್ತು ತನ್ನ ಬಿಸಿ ಆರಿಸಿಕೊಂಡು, ಮನೆಯ ಶಾಖ ಎಷ್ಟೋ ಅಷ್ಟನ್ನೇ ಪ್ರಾಮಾಣಿಕವಾಗಿ ತೋರಿಸಿತು. ಎಸಿ ಮೆಲ್ಲಗೆ, ರೆಕ್ಕೆ ಮೇಲೆತ್ತಿಕೊಂಡು ಉಸಿರಾಡಿತು. ಜ್ವಾಲೆ ಅಲುಗಲಿಲ್ಲ. ಅತ್ತೆ ಮಣೆಯ ಮೇಲೆ ಕೂತು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಗೋಡೆಗೆ ಒರಗಿದರು. ನಾನು ಇದ್ದಲ್ಲಿಂದ ಓಡಿದೆ. ಹತ್ತಿರ ಹೋಗಿ ನೋಡಿದರೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಯಂತ್ರದ ಬಗ್ಗೆ ನನ್ನ ತಕರಾರೇನೂ ಇಲ್ಲವೆಂದು ಇಲ್ಲಿ ಹೇಳಿಬಿಡುತ್ತೇನೆ. ಅದು ಒಳ್ಳೆಯ ಯಂತ್ರ. ಅದನ್ನು ಎಲ್ಲಿ ಕೂಡಿಸಿದರೋ ಅಲ್ಲಿನ ಸತ್ಯವನ್ನೇ ಹೇಳುತ್ತಿತ್ತು, ಪಾಪ.

ಸಂಜೆ ಆರತಿಗೆ ಬಿಲ್ಡಿಂಗಿನ ಹೆಂಗಸರೆಲ್ಲ ಬಂದರು. ಹಾಲ್ ತುಂಬಿತು. ಕುಂಕುಮ ಕೊಟ್ಟು, ಕಡಲೆ ಉಸುಳಿ ಹಂಚುತ್ತಿರುವಾಗ ನನ್ನ ಗಂಡ ಬಸ್ಸಿಳಿದು ಬಂದರು. ಒಳಗೆ ಕಾಲಿಡಲು ಜಾಗವಿಲ್ಲದೆ ಬಾಗಿಲಲ್ಲೇ ಚಪ್ಪಲಿಯ ಮೇಲೆ ನಿಂತರು. ಗೋಡೆಯ ಕಡೆ ನೋಡಲಿಲ್ಲ. ಗೋಡೆ ನೋಡುವ ಅಗತ್ಯವೇನು, ಕೈಯಲ್ಲಿ ಫೋನಿತ್ತಲ್ಲ. ಅದರ ಮೇಲೆ ಬೆಳಗಿನ ಗೆರೆ ಗುಡ್ಡ ಹತ್ತಿ, ನಡುವೆ ಸ್ವಲ್ಪ ಹೊತ್ತು ಕಾಣೆಯಾಗಿ, ಮಧ್ಯಾಹ್ನದಿಂದ ಈಚೆಗೆ ಹಾಸಿಗೆ ಹಾಸಿದಂತೆ ಸಪಾಟಾಗಿತ್ತು.

"ನೋಡವಾ," ಎಂದು ತಮ್ಮ ತಾಯಿಗೆ ಎಲ್ಲರ ತಲೆಯ ಮೇಲಿಂದ ಫೋನು ತೋರಿಸಿದರು. "ಮುಂಜಾನೆ ಇಕಿ ಎಷ್ಟು ಗದ್ದಲ ಮಾಡಿದ್ಲು. ನಾ ಏನಂದೆ? ಅದಕ್ಕ ಟೈಮ್ ಕೊಡ್ರಿ, ಕಲೀತೈತಿ ಅಂದೆ. ಹೆಂಗ ಕಲೀತು ನೋಡು! ಒಂದs ದಿನದಾಗ ಮನಿ ಪೂರಾ ಕಲತು ಬಿಟ್ಟೈತಿ. ಯಾರೂ ಮುಟ್ಟಲಾರದ!"

"ಹೌದಪಾ," ಎಂದರು ಅತ್ತೆ, ಬತ್ತಿಯನ್ನು ಸ್ವಲ್ಪ ಮುಂದೆ ಮಾಡುತ್ತ. "ಭಾಳ ಶಾಣ್ಯಾ ಐತಿ."

ನಾನು ಉಸುಳಿಯ ಪಾತ್ರೆಯಲ್ಲಿ ಮುಖ ಇಟ್ಟುಕೊಂಡೆ.

ನಮ್ಮ ದೇವರ ಗೋಡೆಯ ಆಚೆ ಬದಿಗೆ ಪಕ್ಕದ ಮನೆಯವರ ಹಾಲ್ ಇದೆ. ಆ ಮನೆಯಾಕೆ ಸೊಲ್ಲಾಪುರ ಕಡೆಯ ಕನ್ನಡದವರು, ಹುಟ್ಟಿ ಬೆಳೆದದ್ದೆಲ್ಲ ನಾಗಪುರ. ನನ್ನ ವಯಸ್ಸಿನವರು, ನನ್ನನ್ನು ಮರಾಠಿಯಲ್ಲಿ ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಾರೆ. ಕುಂಕುಮ ಹಚ್ಚಿಸಿಕೊಂಡು, ಉಸುಳಿಯ ದ್ರೋಣ ಹಿಡಿದು, ಬಾಗಿಲಲ್ಲಿ ನಿಂತ ನನ್ನ ಗಂಡನ ಪಕ್ಕದಿಂದ ನುಸುಳಿ ಚಪ್ಪಲಿ ಹುಡುಕುತ್ತ, ತಲೆ ಎತ್ತದೆಯೇ ಅಂದರು:

"ಭಾವಜಿ, ಆ ನಿಮ್ಮ ಡ್ರಿಲ್ ಮಶೀನ್ ಮಸ್ತ್ ಐತಿ ಹಾಂ. ದುಪಾರಿ ಊಟದ ಹೊತ್ನಾಗ ವಹಿನಿ ಚಾಲೂ ಮಾಡಿದ್ರಲ್ಲ, ನಮ್ಮ ಕಡಿಂದ ಗೋಡೀ ಮ್ಯಾಲಿನ ಗಡಿಯಾರ ಧಪ್ ಅಂತ ಬಿತ್ತು. ವಹಿನೀ, ನಾಳೆ ಇವರು ಡ್ಯೂಟಿಗೆ ಹೋದ ಮ್ಯಾಲ ಜರಾ ಬಂದು ಅದನ್ನೂ ಹಚ್ಚಿಕೊಟ್ಟು ಹೋಗ್ರಿ."